ಹಿರಿಸೊಸೆಯ ಕೋಟು ಹೊಲಿದವನು

ಕತ್ತರಿ ಮಾವನಿಗೆ ಜನರ ಮುಖ ನೆನಪಿರುವುದಿಲ್ಲ, ಹೆಗಲು ನೆನಪಿರುತ್ತದೆ. ನೀವು ಎದುರಿಗೆ ನಿಂತು, ಹಲ್ಲು ಕಿರಿದು, ಹೆಸರು ಹೇಳಿ, ಬೀದಿ ಹೇಳಿ, ಹೋದ ತಿಂಗಳು ಅವನ ಕೈಯಲ್ಲೇ ಪ್ಯಾಂಟು ಹೊಲಿಸಿಕೊಂಡದ್ದನ್ನು ನೆನಪಿಸಿದರೂ ಅವನು ಸುಣ್ಣ ಬಳಿದ ಗೋಡೆಯನ್ನು ನೋಡಿದ ಹಾಗೆ ನೋಡುತ್ತಾನೆ. ಬೇಸತ್ತು ತಿರುಗಿ ಹೊರಟಿರೋ, ಹಿಂದಿನಿಂದ ಕೂಗು ಬರುತ್ತದೆ: "ಓಹೋಹೋ, ಎಡಗಡೆ ಅರ್ಧ ಬೆರಳು ಇಳಿದಿರೋ ಹೆಗಲು! ಬನ್ನಿ ಬನ್ನಿ, ಮೊದ್ಲೇ ಹೇಳ್ಬಾರ್ದಿತ್ತಾ?" ಅತ್ತೆಯ ಕಣ್ಣು ಕಪ್ಪೋ ಕಂದೋ ಎಂದು ಕೇಳಿದರೆ ಇವತ್ತಿಗೂ ತಡವರಿಸುವ ಈ ಮಹಾನುಭಾವ ಅವಳ ಬೆನ್ನಗಲವನ್ನು ಮಾತ್ರ ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಹೇಳುತ್ತಾನೆ. ಅದನ್ನು ಹೊಗಳಿಕೆಯೆಂದು ಭಾವಿಸಿ ನೆಂಟರ ಎದುರಿಗೂ ಹೇಳಿಬಿಡುತ್ತಾನೆ. ಆಮೇಲೆ ಎರಡು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡುತ್ತವೆ.

ಅವನು ನಮ್ಮಮ್ಮನ ಅಣ್ಣ. ಹೆಸರೇನೋ ಒಂದಿದೆ, ಅಂಗಡಿಯ ಬೋರ್ಡಿನ ಮೇಲೆ ಬಿಸಿಲಿಗೆ ಮಾಸಿ ಹೋಗಿದೆ. ಮೂವತ್ತೈದು ವರ್ಷ ಹೊಲಿಗೆಯಂತ್ರ ತುಳಿದು ತುಳಿದು ಅವನ ನಡಿಗೆಯೂ ತುಳಿತವೇ ಆಗಿದೆ: ಬಲಗಾಲಿನ ಹಿಮ್ಮಡಿ ಒತ್ತಿ, ಬೆರಳು ಒತ್ತಿ, ಮತ್ತೆ ಹಿಮ್ಮಡಿ ಒತ್ತಿ, ರಸ್ತೆಯನ್ನೇ ಅಂಚು ಮಡಿಸಿ ಹೊಲಿಯುತ್ತಿರುವವನಂತೆ ನಡೆಯುತ್ತಾನೆ. ಬೇಸಗೆಯಲ್ಲೂ ಬಿಡದ ಬೂದು ಕೋಟೊಂದು ಮೈಮೇಲಿರುತ್ತದೆ. ಅದರ ಎದೆಯ ಮೇಲೆ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿಗಳು ಯಾವುದೋ ಯುದ್ಧ ಗೆದ್ದು ಬಂದವನ ಪದಕಗಳಂತೆ ಮಿರುಗುತ್ತವೆ, ಅವನನ್ನು ಅಪ್ಪಿಕೊಳ್ಳಲು ಹೋದ ನಾವು ಮಕ್ಕಳೆಲ್ಲ ಒಮ್ಮೆಯಾದರೂ ಕಿರುಚಿದ್ದೇವೆ. ಅಳತೆ ಹಿಡಿಯುವ ಮೊದಲು ಗಿರಾಕಿಯನ್ನು ಅಂಗಡಿಯ ಬಾಗಿಲವರೆಗೆ ನಡೆಸಿ ವಾಪಸು ಕರೆಸುವುದು ಅವನು ಬಿಡದ ಹಟ. ನಡೆಯದವರಿಗೆ ಹೊಲಿಯುವುದಿಲ್ಲ. ಇನ್ನು, ಏನೇ ಹೊಲಿದರೂ ಒಳಮಡಿಕೆಯಲ್ಲಿ ಒಂದು ಬೆರಳು ಬಟ್ಟೆ ಹೆಚ್ಚಿಗೆ ಉಳಿಸುತ್ತಾನೆ. "ಒಂದು ಬೆರಳು ಒಳಗೆ ಬಿಟ್ಟಿದೀನಿ, ಮುಂದೆ ಬೇಕಾಗುತ್ತೆ," ಎನ್ನುವ ಮಾತನ್ನು ಹಾಲುಗಲ್ಲದ ಕೂಸಿಗೂ ಹೇಳುತ್ತಾನೆ, ಎಂಬತ್ತು ದಾಟಿದವರಿಗೂ ಹೇಳುತ್ತಾನೆ.

ಇಂಥ ಮನುಷ್ಯ ಧಾರಾವಾಹಿ ನೋಡಲು ಶುರುಮಾಡಿದರೆ ಹೇಗೆ ನೋಡಬೇಕೋ ಹಾಗೆಯೇ ನೋಡಿದ.

ಅವನ ಅಂಗಡಿಯ ಎದುರಿಗೆ, ರಸ್ತೆಯಾಚೆ, ಟೀವಿ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾರುವ ಅಂಗಡಿಯಿದೆ. ಅದರ ಗಾಜಿನ ಕಿಟಕಿಯಲ್ಲಿ ಮಂಚದಷ್ಟು ಅಗಲದ ಟೀವಿಯೊಂದು ರಸ್ತೆಗೆ ಮುಖ ಮಾಡಿ ಕೂತಿರುತ್ತದೆ. ಸಂಜೆ ಆರೂವರೆ ಹೊಡೆದರೆ ಅದರಲ್ಲಿ ಊರಿಗೆ ಊರೇ ನೋಡುವ ಆ ಧಾರಾವಾಹಿ. ಕಥೆ ಯಾರಿಗೆ ಗೊತ್ತಿಲ್ಲ? ಒಂದು ದೊಡ್ಡ ಮನೆ, ಹಾಸಿಗೆ ಹಿಡಿದ ಯಜಮಾನ, ಇಬ್ಬರು ಸೊಸೆಯರು. ದಾಳಿಂಬೆ ಬಣ್ಣದ ಉದ್ದ ಕೋಟು ತೊಟ್ಟು ಕಂಪನಿ ನಡೆಸುವ ಹಿರಿಸೊಸೆ ಆ ಯಜಮಾನನ ಹಾಲಿಗೆ ದಿನಕ್ಕಿಷ್ಟು ವಿಷ ಬೆರೆಸುತ್ತಾಳೆ. ಬೂದಿ ಬಣ್ಣದ ಬಟ್ಟೆಯ ಕಿರಿಸೊಸೆ ಅದನ್ನು ಬಲ್ಲಳು, ಆದರೆ ಮನೆಯ ಮಾನ ಹೋದೀತೆಂದು ಬಾಯಿಬಿಡದೆ ಎರಡು ವರ್ಷದಿಂದ ಅಳುತ್ತಿದ್ದಾಳೆ. ಇಷ್ಟನ್ನು ತಿಳಿಯಲು ಕಿವಿ ಬೇಕು. ಗಾಜಿನಾಚೆಯ ಸದ್ದು ರಸ್ತೆಗೆ ಬರುತ್ತಿರಲಿಲ್ಲ. ಬಂದಿದ್ದರೂ ಯಂತ್ರದ ಕಟಕಟದೊಳಗೆ ಅದು ನಮ್ಮ ಮಾವನ ಕಿವಿಯನ್ನು ಮುಟ್ಟುತ್ತಿರಲಿಲ್ಲ. ಹೀಗೆ ಎರಡು ವರ್ಷ, ಒಂದು ಮಾತೂ ಕೇಳದೆ, ಒಂದು ಸಂಜೆಯೂ ತಪ್ಪದೆ, ಅವನು ಆ ಕಥೆಯನ್ನು ನೋಡಿದ. ನೋಡಿ, ಅದನ್ನು ಪೂರ್ತಿ ತಲೆಕೆಳಗಾಗಿ ಅರ್ಥಮಾಡಿಕೊಂಡ.

ಅವನಿಗೆ ಕಂಡದ್ದಿಷ್ಟು. ಉದ್ದ ಕೋಟಿನ ಹೆಂಗಸು ನೆಟ್ಟಗೆ ನಡೆಯುತ್ತಾಳೆ, ಎಲ್ಲರನ್ನೂ ನಗುನಗುತ್ತ ಮಾತಾಡಿಸುತ್ತಾಳೆ, ಕಾಯಿಲೆಯ ಮುದುಕನಿಗೆ ತಾನೇ ಹಾಲು ತಂದು ಕುಡಿಸಿ ದಿಂಬು ಸರಿಮಾಡುತ್ತಾಳೆ, ಒಂಟಿಯಾದಾಗ ಕನ್ನಡಿಯೊಂದಿಗೆ ಮಾತಾಡುತ್ತಾಳೆ, ಪಾಪ, ಮನೆಯಲ್ಲಿ ಬೇರೆ ಯಾರಿದ್ದಾರೆ ಅವಳಿಗೆ? ಬೂದಿ ಬಣ್ಣದವಳಾದರೋ ಸದಾ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿರುತ್ತಾಳೆ, ಕಂಡವರ ಬೀರು ತೆಗೆದು ತಡಕುತ್ತಾಳೆ, ಯಾರಾದರೂ ಬಂದರೆ ಬೆಚ್ಚಿಬಿದ್ದು ಅಳುತ್ತಾಳೆ. ಕಳ್ಳಿಯಲ್ಲದೆ ಇನ್ನೇನು? ಏನಾದರೊಂದು ನಡೆದಾಗಲೆಲ್ಲ ಪ್ರತಿಯೊಬ್ಬರ ಮುಖ ಮೂರು ಮೂರು ಸಲ ತಿರುಗುವುದನ್ನು ನೋಡಿ, ಆ ಮನೆಯಲ್ಲಿ ಕತ್ತುನೋವಿನ ಕಾಯಿಲೆ ವಂಶದಿಂದ ಬಂದಿರಬೇಕೆಂದೂ ಅವನು ನಿರ್ಧರಿಸಿದ್ದ.

ಇದು ಎರಡು ವರ್ಷ ಹೊರಗೆ ಬೀಳದೆ ಉಳಿದದ್ದೇ ಸೋಜಿಗ. ಹೊಲಿಸಲು ಬಂದವರು, "ಪಾಪ, ಆ ಮನೇಲಿ ಆ ಹೆಣ್ಣು ಎಷ್ಟು ಸಹಿಸ್ಕೋತಾಳೆ ಅಲ್ವಾ?" ಎಂದು ಕಣ್ಣೊರೆಸಿಕೊಂಡರೆ ಮಾವನೂ, "ಹೂಂ, ನಾನಾಗಿದ್ರೆ ಎಂದೋ ಮನೆ ಬಿಟ್ಟು ಹೊರಟುಬಿಡ್ತಿದ್ದೆ," ಎಂದು ಮೂಗೊರೆಸಿಕೊಳ್ಳುತ್ತಿದ್ದ. ಕಣ್ಣೀರು ಎರಡೂ ಕಡೆ ನಿಜವಾದದ್ದೇ, ಯಾರಿಗಾಗಿ ಎಂಬುದು ಮಾತ್ರ ಬೇರೆ. ಮನೆಯಲ್ಲಿ ಅದೇ ಧಾರಾವಾಹಿಯನ್ನು ಸದ್ದು ಸಮೇತ ನೋಡುತ್ತಿದ್ದ ಅತ್ತೆ ಊಟದ ಹೊತ್ತಿಗೆ ಕಥೆ ತೆಗೆದರೆ, "ನಾನೂ ನೋಡಿದೀನಿ ಕಣೇ, ಬಿಡು, ಹೊಟ್ಟೆ ಉರಿಯುತ್ತೆ," ಎಂದು ತಟ್ಟೆಗೆ ತಲೆ ಬಗ್ಗಿಸುತ್ತಿದ್ದ.

ಅಷ್ಟರಲ್ಲಿ ಊರಿನ ಬಟ್ಟೆಯ ಬಣ್ಣವೇ ಬದಲಾಗಿತ್ತು. ಒಳ್ಳೆಯವಳಾಗಿ ಕಾಣಬೇಕೆನ್ನುವ ಹೆಂಗಸರೆಲ್ಲ ಬೂದಿ ಬಣ್ಣದ, ಕೊರಳು ಮುಚ್ಚಿದ, ಹೆಗಲು ಇಳಿಬಿದ್ದ ಉಡುಪನ್ನೇ ಕೇಳತೊಡಗಿದರು. ಗಿಡ್ಡಗೂದಲಿನ ಬ್ಯಾಂಕಿನ ಮೇಡಮ್ಮು ಸಾಲದ ಅರ್ಜಿಯನ್ನು ಹಿಂದಕ್ಕೆ ಕೊಟ್ಟರೆ "ಥೇಟ್ ಹಿರಿಸೊಸೆ" ಎಂಬ ಬಿರುದು ಸಿಕ್ಕಿತು. ಅವಳಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕೂತು ಅದೇ ಅರ್ಜಿಗಳನ್ನು ಹಿಂದಕ್ಕೆ ಕೊಡುತ್ತಿದ್ದ ಗಂಡಸಿಗೆ ಯಾರೂ ಯಾವ ಬಿರುದನ್ನೂ ಕೊಟ್ಟಿರಲಿಲ್ಲ. ಮಾವನ ಕಪಾಟಿನಲ್ಲಿದ್ದ ದಾಳಿಂಬೆ ಬಣ್ಣದ ಬಟ್ಟೆಯ ಥಾನಿಗೆ ಕೈಹಾಕುವವರೇ ಇಲ್ಲವಾದರು. "ಇಷ್ಟು ಚೆಂದದ ಬಣ್ಣ, ಅಂಥ ದೇವತೆಯಂಥ ಹೆಂಗಸು ತೊಡೋ ಬಣ್ಣ, ಈ ಜನಕ್ಕೆ ಏನಾಗಿದೆ?" ಎಂದು ಅವನು ಆಗಾಗ ಅದರ ಧೂಳು ಒರೆಸಿಡುತ್ತಿದ್ದ.

ಊರಲ್ಲಿ ಕಿರಿಸೊಸೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ನಮ್ಮ ಚಿಕ್ಕಮ್ಮ, ಮಾವನ ಕೊನೆಯ ತಂಗಿ. ಪುರಸಭೆಯ ಗ್ರಂಥಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಸಹಾಯಕಿ. ಮುಖ್ಯ ಗ್ರಂಥಪಾಲಕರು ಬಂದರು, ಹೋದರು, ಅವರ ಕೆಲಸವನ್ನೆಲ್ಲ ಮಾಡಿದವಳು ಇವಳು. ಆ ಹುದ್ದೆಗೆ ಎರಡು ಸಲ ಸಂದರ್ಶನಕ್ಕೆ ಕರೆದಿದ್ದರು. ಮೊದಲ ಸಲ ಏನೂ ಹೇಳದೆ ಎದ್ದು ಬಂದಳು. ಎರಡನೆಯ ಸಲ, ನಿಮಗೇ ಏಕೆ ಕೊಡಬೇಕು ಎಂದು ಕೇಳಿದ್ದಕ್ಕೆ, "ಪರವಾಗಿಲ್ಲ ಸರ್, ಹೊರಗೆ ಕೂತಿರೋರೂ ಒಳ್ಳೆಯವರೇ," ಎಂದು ಹೇಳಿ ಬಂದಳು. ಹೊರಗೆ ಕೂತಿದ್ದವನಿಗೇ ಕೊಟ್ಟರು. ಆ ಪುಣ್ಯಾತ್ಮ ಈಗ ವರ್ಗವಾಗಿ ಹೋಗಿದ್ದ. ಇದು ಮೂರನೆಯ ಸಲ, ಕೊನೆಯದೂ ಹೌದು: ಐವತ್ತು ತುಂಬಿದವರು ಅರ್ಜಿ ಹಾಕುವಂತಿರಲಿಲ್ಲ, ಅವಳಿಗೆ ಎರಡು ತಿಂಗಳಲ್ಲಿ ಐವತ್ತು ತುಂಬುತ್ತಿತ್ತು. ನಾವೆಲ್ಲ ಬೈದು ಬುದ್ಧಿ ಹೇಳಿದರೆ ಅವಳು ಶಾಂತವಾಗಿ, "ತಾಳ್ಮೆ ಇರ್ಬೇಕು. ಕೊನೇ ಸಂಚಿಕೇಲಿ ಎಲ್ಲಾ ಸರಿಹೋಗುತ್ತೆ," ಎನ್ನುತ್ತಿದ್ದಳು. ನಮಗೆ ಅವಳು ತನ್ನ ಮಾತಾಡುತ್ತಿದ್ದಾಳೋ ಟೀವಿಯ ಮಾತಾಡುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಅವಳಿಗೂ ತಿಳಿದಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮಾವ ಮಾತ್ರ ಬುದ್ಧಿ ಹೇಳಲಿಲ್ಲ, ಥಾನು ಬಿಚ್ಚಿದ. ಒಂಬತ್ತು ಸಂಜೆ, ಆರೂವರೆಯಿಂದ ಏಳರವರೆಗೆ, ಗಾಜಿನಾಚೆಯ ಆ ಕೋಟಿನ ಹೆಗಲನ್ನೂ ಕಾಲರನ್ನೂ ಕಣ್ಣಳತೆಯಲ್ಲಿ ಹಿಡಿದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೀಚಿಕೊಂಡು, ಹೆಗಲೊಳಗೆ ಎರಡು ಪದರ ಗಟ್ಟಿ ಕ್ಯಾನ್ವಾಸು ಕೊಟ್ಟು, ಅಂಚಿಗೆ ಕೈಹೊಲಿಗೆ ಹಾಕಿ ಮುಗಿಸಿದ. ಸಂದರ್ಶನದ ಹಿಂದಿನ ದಿನ ಸಂಜೆ ತಂಗಿಯನ್ನು ಅಂಗಡಿಗೆ ಕರೆಸಿದ. ಅತ್ತೆಯೂ ಜೊತೆಗೆ ಬಂದಳು, ನಾನೂ ಹೋಗಿದ್ದೆ. ಮಾವ ಹೊದಿಸಿಟ್ಟ ಬಿಳಿ ಬಟ್ಟೆಯನ್ನು ಜಾದೂಗಾರನಂತೆ ಸರಕ್ಕನೆ ಎಳೆದ.

ಅತ್ತೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ರೀ! ಇದು ಹಿರಿಸೊಸೆ ಕೋಟಲ್ವೇನ್ರೀ?"

"ಅವಳದೇ ಕಣೇ!" ಮಾವನ ಮುಖ ಬೆಳಗಿತು. "ಒಂದು ಗುಂಡಿಯೂ ತಪ್ಪಿಲ್ಲ ನೋಡು. ನಮ್ಮ ಹುಡುಗೀನೂ ಥೇಟ್ ಅವಳ ಹಾಗೇ ಅಲ್ವಾ, ಅದಕ್ಕೇ ಹೊಲಿದೆ."

ಚಿಕ್ಕಮ್ಮನ ಮುಖದ ಬಣ್ಣ ಇಳಿಯಿತು. "ಅಣ್ಣಾ," ಎಂದಳು, ಬಹಳ ಸಣ್ಣ ದನಿಯಲ್ಲಿ, "ನಾನು ಯಾರಿಗೆ ವಿಷ ಹಾಕಿದೀನಿ?"

"ವಿಷಾನಾ? ಯಾವ ವಿಷ?"

ಆಮೇಲಿನ ಐದು ನಿಮಿಷ ಆ ಅಂಗಡಿಯಲ್ಲಿ ಯಾರು ಯಾರಿಗೆ ಏನು ಹೇಳಿದರೆಂದು ಬಿಡಿಸಿ ಹೇಳುವುದು ನನ್ನಿಂದಾಗದು. ಅತ್ತೆ ನಗುತ್ತಿದ್ದಳು, ಚಿಕ್ಕಮ್ಮ ಅಳುತ್ತಿದ್ದಳು, ಮಾವ, "ಅವಳು ಅಂಥವಳಲ್ಲ! ನಾನು ಎರಡು ವರ್ಷದಿಂದ ನೋಡ್ತಿದೀನಿ, ನಂಗೆ ಗೊತ್ತಿಲ್ವಾ!" ಎಂದು ಸ್ವಂತ ಮಗಳ ಪರ ವಾದಿಸುವವನಂತೆ ಕೂಗುತ್ತಿದ್ದ. ಕೊನೆಗೆ ಅತ್ತೆ ಅವನ ಕೋಟಿನ ತೋಳು ಹಿಡಿದು ರಸ್ತೆ ದಾಟಿಸಿದಳು. ಆರೂವರೆಯಾಗಿತ್ತು.

ಟೀವಿ ಅಂಗಡಿಯ ಗಾಜಿನ ಬಾಗಿಲು ತೆರೆದದ್ದೇ ತಡ, ಎರಡು ವರ್ಷದ ಸದ್ದು ಒಟ್ಟಿಗೆ ಅವನ ಮೇಲೆ ಬಿತ್ತು. ತೆರೆಯ ಮೇಲೆ ಅದೇ ನಡಿಗೆ, ಅದೇ ಹೆಗಲು, ಅದೇ ಹಾಲಿನ ಲೋಟ. ಅವಳು ದಿಂಬು ಸರಿಮಾಡಿದಳು. ಮಾವ ಅಭಿಮಾನದಿಂದ ನಮ್ಮತ್ತ ತಿರುಗುವಷ್ಟರಲ್ಲಿ ಅವಳ ದನಿ ಕೇಳಿತು: "ಕುಡೀರಿ ಮಾವಾ. ಇನ್ನು ಮೂರೇ ದಿನ." ಹಿಂದೆಯೇ ಗುಡುಗು, ಸಿಡಿಲು, ಯಾರೋ ಕಬ್ಬಿಣದ ತಗಡಿಗೆ ಬಡಿದ ಹಾಗೆ ಢಣಾರ್ ಢಣಾರ್. ಮುದುಕನ ಮುಖ ಮೂರು ಸಲ ತಿರುಗಿತು. ನಮ್ಮ ಮಾವನ ಮುಖ ತಿರುಗಲೇ ಇಲ್ಲ. ಹಿಂದಿದ್ದ ವಾಷಿಂಗ್ ಮೆಷಿನ್ನಿನ ಪೆಟ್ಟಿಗೆಯ ಮೇಲೆ ಮೆಲ್ಲನೆ ಕುಸಿದು ಕೂತ.

ಅಂಗಡಿಯವನು ಗಾಬರಿಯಾಗಿ ನೀರು ತಂದ. ಮಾವ ನೀರು ಕುಡಿಯಲಿಲ್ಲ, "ಸೌಂಡು ತೆಗಿಯಪ್ಪಾ," ಎಂದ. ತೆಗೆದ. ತೆರೆಯ ಮೇಲೆ ಬೆನ್ನು ನೆಟ್ಟಗಿದ್ದ ಹೆಂಗಸೊಬ್ಬಳು ಮುದುಕನಿಗೆ ಹೊದಿಕೆ ಹೊದಿಸುತ್ತಿದ್ದಳು. "ಹಾಕು." ಗುಡುಗು, ಸಿಡಿಲು, ವಿಷಕನ್ಯೆ. "ತೆಗಿ." ಹೊದಿಕೆ. "ಹಾಕು." ಸಿಡಿಲು. "ತೆಗಿ." ನಾಲ್ಕೈದು ಸಲ ಹೀಗಾದ ಮೇಲೆ ಅಂಗಡಿಯವನು, "ಅಣ್ಣಾ, ರಿಮೋಟು ನೀವೇ ಇಟ್ಕೊಳ್ಳಿ," ಎಂದು ಕೈಗೇ ಕೊಟ್ಟುಬಿಟ್ಟ.

"ಅಲ್ಲಾ ಕಣೇ," ಎಂದ ಮಾವ ಅತ್ತೆಗೆ, ಹೊಸ ಬಗೆಯ ಹೊಲಿಗೆ ಕಂಡವನ ಬೆರಗಿನಲ್ಲಿ, "ಯಾರನ್ನ ಬೈಬೇಕು, ಯಾರಿಗೆ ಅಳಬೇಕು ಅಂತ ಆ ಡೋಲಿನವನೇ ಹೇಳಿಕೊಡ್ತಾನಲ್ಲೇ!" ಆಮೇಲೆ ಬಾಗಿಲ ಬಳಿ ನಿಂತಿದ್ದ ತಂಗಿಯತ್ತ ನೋಡಿದ, ಅಂದರೆ ಅವಳ ಹೆಗಲಿನತ್ತ. "ನೋಡು ತಂಗೀ. ನಿಮ್ಮ ಲೈಬ್ರರಿ ಕಿಟಕಿ ಮುಂದೆ ನಾನು ದಿನಾ ಹಾದುಹೋಗ್ತೀನಿ. ಅಲ್ಲೂ ಗಾಜು, ಸೌಂಡಿಲ್ಲ. ನೀನು ಏಣಿ ಹತ್ತೋದು, ಮಕ್ಕಳ ಕೈಗೆ ಪುಸ್ತಕ ಹಿಡ್ಸೋದು, ಒಂದು ಬೆರಳೆತ್ತಿದ್ರೆ ಗಲಾಟೆ ಮಾಡೋ ದೊಡ್ಡ ದೊಡ್ಡ ಗಂಡಸರೆಲ್ಲ ಕೂತ್ಕೊಳ್ಳೋದು, ಎಲ್ಲಾ ನೋಡಿದೀನಿ. ಆಗ ನಿನ್ನ ಹೆಗಲು ಈ ಕೋಟಿನವಳದೇ. ನೀನು ಬಾಯ್ಬಿಟ್ಟಾಗ ಮಾತ್ರ ಆ ಅಳುಬುರುಕಿ ಆಗ್ತೀಯ."

"ಅವಳು ಒಳ್ಳೆಯವಳು ಅಣ್ಣಾ."

"ಇರ್ಲಿ ಬಿಡು, ಒಳ್ಳೆಯವಳೇ ಇರ್ಲಿ. ಎರಡು ವರ್ಷದಿಂದ ಮುದುಕ ವಿಷ ಕುಡೀತಾ ಇದಾನೆ, ಇವಳು ಬಾಗಿಲ ಸಂದೀಲಿ ಅಳ್ತಾ ಇದಾಳೆ. ಆ ಲೋಟ ಕಿತ್ತು ಬಿಸಾಡೋಕೆ ಎಷ್ಟು ಹೊತ್ತು ಬೇಕು?"

ಅಂಗಡಿಗೆ ವಾಪಸು ಬಂದ ಮೇಲೆ ಮಾವ ಚಿಕ್ಕಮ್ಮನಿಗೆ ಕೋಟು ತೊಡಿಸಿ, "ಬಾಗಿಲವರೆಗೆ ನಡೆದು ಬಾ," ಎಂದ. ನಡೆಯಲಿಲ್ಲ. ಊರೆಲ್ಲ ನೋಡಿ ನಗುತ್ತದೆ ಎಂದಳು. "ವಿಷ ಹಾಕಿದ್ದು ಅವಳು, ಕೋಟು ಹೊಲಿದಿದ್ದು ನಾನು. ಎರಡನ್ನೂ ಒಂದೇ ದಾರದಲ್ಲಿ ಹೊಲೀಬೇಡ," ಎಂದ ಮಾವ. ಹೆಗಲು ದೊಡ್ಡದಾಯಿತು ಎಂದಳು. "ಗೊತ್ತು. ಒಂದು ಬೆರಳು ಜಾಸ್ತಿ ಇಟ್ಟಿದೀನಿ. ಅಲ್ಲಿಗೆ ನೀನೇ ಬರ್ಬೇಕು." ಅವಳು ಕೋಟು ಕಳಚಿ, ಮಡಿಸಿ, ಚೀಲಕ್ಕೆ ಹಾಕಿಕೊಂಡು ಹೋದಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಮಾವ ನಡೆಯದವರಿಗೆ ಹೊಲಿದು ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಅವನ ಕಾಲು ಯಂತ್ರದ ಮೇಲಿತ್ತು, ಯಂತ್ರ ಮಾತ್ರ ಓಡುತ್ತಿರಲಿಲ್ಲ. ಸಂದರ್ಶನ ಹನ್ನೊಂದಕ್ಕೆ. ಹತ್ತೂವರೆಗೆ ಒಂದು ಗುಂಡಿ ಹೊಲಿದ, ಬಿಚ್ಚಿದ, ಮತ್ತೆ ಅದೇ ಗುಂಡಿ ಹೊಲಿದ. ಹತ್ತು ನಲವತ್ತಕ್ಕೆ ಎದುರು ಅಂಗಡಿಯವನು ಹೊರಗೆ ಬಂದು ನಿಂತದ್ದು ಕಾಣಿಸಿತು. ಅವನ ಪಕ್ಕದಲ್ಲಿ ಇನ್ನಿಬ್ಬರು. ಎಲ್ಲರ ತಲೆಯೂ ಒಂದೇ ಕಡೆಗೆ ತಿರುಗಿತ್ತು. ಆಮೇಲೆ ಎದುರಂಗಡಿಯ ಗಾಜಿನ ಮೇಲೆ ದಾಳಿಂಬೆ ಬಣ್ಣ ಕಂಡಿತು. ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ, ಪುರಸಭೆಗೆ ಹೋಗಲು ಈ ಬೀದಿ ಹಿಡಿಯಬೇಕಾದ್ದೇ ಇಲ್ಲದಿದ್ದರೂ, ಚಿಕ್ಕಮ್ಮ ನಡೆದು ಬಂದಳು. ಅಂಗಡಿಯತ್ತ ತಿರುಗಿಯೂ ನೋಡದೆ ಬಾಗಿಲವರೆಗೆ ಬಂದು, ಅಲ್ಲೊಂದು ಕ್ಷಣ ನಿಂತು, ಹೋದಳು. ಮಾವ ಅವಳ ಮುಖ ನೋಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. "ಬಂತು," ಎಂದನಂತೆ, ಯಾರೂ ಇಲ್ಲದ ಅಂಗಡಿಯಲ್ಲಿ. "ಒಂದು ಬೆರಳೂ ತುಂಬಿ ಬಂತು."

ಒಳಗೆ ನಡೆದದ್ದನ್ನು ಚಿಕ್ಕಮ್ಮ ಈಗಲೂ ಬಾಯಿ ತುಂಬ ನಗುತ್ತ ಹೇಳುತ್ತಾಳೆ. ಮೇಜಿನ ಆಚೆ ಮೂವರು. ಇವಳು ಒಳಗೆ ಕಾಲಿಟ್ಟ ಕೂಡಲೇ ಮೂವರ ಕಣ್ಣೂ ಕೋಟಿನ ಮೇಲೆ ನೆಟ್ಟವು. ನಡುವೆ ಕೂತಿದ್ದ ಹಿರಿಯರಿಗೆ ಕೆಮ್ಮು ಬಂತು. ಇವಳು ಅಭ್ಯಾಸಬಲದಿಂದ ಮುಂದಿದ್ದ ನೀರಿನ ಲೋಟವನ್ನು ಅವರತ್ತ ಸರಿಸಿದಳು. ಅವರು ಲೋಟ ಎತ್ತಿದರು, ಕೋಟು ನೋಡಿದರು, ಲೋಟ ನೋಡಿದರು, ಮೆಲ್ಲನೆ ಕೆಳಗಿಟ್ಟರು. ಪಕ್ಕದವರಿಬ್ಬರು ತುಟಿ ಕಚ್ಚಿಕೊಂಡರು.

"ಕುಡೀರಿ ಸರ್," ಎಂದಳು ಚಿಕ್ಕಮ್ಮ, ತನ್ನ ಬಾಯಿಂದ ಏನು ಬರುತ್ತಿದೆಯೆಂದು ತನಗೇ ತಿಳಿಯದೆ. "ಪುರಸಭೆ ನಲ್ಲಿ ನೀರು. ಅದರ ಮೇಲೆ ನಾನೇನೂ ಬೆರೆಸಿಲ್ಲ."

ಕೋಣೆ ಬಿದ್ದು ಬಿದ್ದು ನಕ್ಕಿತು. ಹಿರಿಯರಂತೂ ಕೆಮ್ಮನ್ನೇ ಮರೆತರು. ನಗು ಇಳಿದ ಮೇಲೆ ಅದೇ ಹಳೆಯ ಪ್ರಶ್ನೆ: ನಿಮಗೇ ಏಕೆ ಕೊಡಬೇಕು? "'ಪರವಾಗಿಲ್ಲ' ಅನ್ನೋದು ಗಂಟಲವರೆಗೂ ಬಂದಿತ್ತು ಅಣ್ಣಾ," ಎಂದಳು ಚಿಕ್ಕಮ್ಮ ಆಮೇಲೆ ಮಾವನಿಗೆ, "ಆದ್ರೆ ಆ ಮಾತು ಆಡ್ಬೇಕಾದ್ರೆ ಸ್ವಲ್ಪ ಕುಗ್ಬೇಕು. ನೀನು ಹಾಕಿರೋ ಕ್ಯಾನ್ವಾಸು ಕುಗ್ಗೋಕೆ ಬಿಡ್ಲಿಲ್ಲ." ಕುಗ್ಗಲಾಗದೆ ಅವಳು ನಿಜ ಹೇಳಿದಳು: "ಹತ್ತೊಂಬತ್ತು ವರ್ಷದಿಂದ ಆ ಕೆಲ್ಸ ನಾನೇ ಮಾಡ್ತಿದೀನಿ ಸರ್. ನೀವು ಹೊಸದಾಗಿ ಕೊಡ್ಬೇಕಾಗಿರೋದು ಕುರ್ಚಿ ಮಾತ್ರ." ಆಮೇಲೆ ಮುಕ್ಕಾಲು ಗಂಟೆ, ಸೋರುವ ಮೂಲೆಯ ಕಪಾಟು, ಮಕ್ಕಳ ಕೈಗೆಟುಕದ ಮೇಲಿನ ಸಾಲು, ಮಧ್ಯಾಹ್ನ ಬಾಗಿಲು ಹಾಕುವುದರಿಂದ ಓದಲು ಬರಲಾಗದ ಗಾರೆ ಕೆಲಸದವರು, ಎಲ್ಲವನ್ನೂ ಹೇಳಿದಳು. ಆ ಸಂಜೆಯೇ ಕುರ್ಚಿ ಸಿಕ್ಕಿತು.

ಕೋಟನ್ನು ಅವಳು ದಿನವೂ ತೊಡುವುದಿಲ್ಲ, ಕುರ್ಚಿಯ ಹಿಂದಿನ ಮೊಳೆಗೆ ತಗುಲಿಹಾಕಿದ್ದಾಳೆ. ಜೇಬಿನಲ್ಲಿ ವಿಷ ಇದೆಯಾ ಎಂದು ಕೇಳುವ ಮಕ್ಕಳಿಗೆ, "ಕೈ ಹಾಕಿ ನೋಡಿ," ಎನ್ನುತ್ತಾಳೆ. ಪೆಪ್ಪರಮೆಂಟು ಸಿಗುತ್ತದೆ. ಊರಿನ ಹೆಂಗಸರು ಮೊದಮೊದಲು ಗುಸುಗುಸು ಮಾಡಿ, ಆಮೇಲೆ ಒಬ್ಬೊಬ್ಬರಾಗಿ ಮಾವನ ಅಂಗಡಿಗೆ ಬಂದು, "ಅದೇ ಬಣ್ಣ ಬೇಡ, ಆದ್ರೆ ಹೆಗಲು ಮಾತ್ರ ಹಾಗೇ ಇರ್ಲಿ," ಎಂದು ಪಿಸುಗುಟ್ಟತೊಡಗಿದರು. ತಿಂಗಳು ಕಳೆಯುವಷ್ಟರಲ್ಲಿ ಥಾನು ಮುಗಿದಿತ್ತು. ಧಾರಾವಾಹಿಯೂ ಮುಗಿಯಿತು. ಕೊನೆಯ ಸಂಚಿಕೆಯಲ್ಲಿ ಹಿರಿಸೊಸೆ ಜೈಲಿಗೆ ಹೋದಳು, ಕಿರಿಸೊಸೆ ಕಂಪನಿಯ ಕುರ್ಚಿಯಲ್ಲಿ ಕೂತಳು, ಅದೂ ಕೋಟು ತೊಟ್ಟು. ಅತ್ತೆ, ಚಿಕ್ಕಮ್ಮ ಮನೆಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಮಾವ ಎಂದಿನಂತೆ ಯಂತ್ರದ ಮುಂದೆ ಕೂತು ರಸ್ತೆಯಾಚೆ ನೋಡಿದ. ಮನೆಗೆ ಬಂದವನು ತೀರ್ಪು ಕೊಟ್ಟ: "ಜೈಲಿಗೆ ಹೋಗೋವಾಗ್ಲೂ ಅವಳ ಹೆಗಲು ಇಳೀಲಿಲ್ಲ. ಈ ಕಿರಿಯವಳಿಗೆ ಕೋಟು ಹೊಲಿದೋನು ಯಾರೋ ದಂಡಪಿಂಡ, ಒಳಗೆ ಒಂದು ನೂಲೂ ಬಿಟ್ಟಿಲ್ಲ."

ಈಗ ಆ ಹೊತ್ತಿಗೆ ಬೇರೊಂದು ಧಾರಾವಾಹಿ ಬರುತ್ತದೆ, ಅವನು ಮಾತ್ರ ಇಂದಿಗೂ ಸದ್ದು ಕೇಳಲು ರಸ್ತೆ ದಾಟುವುದಿಲ್ಲ. ಇಂಥವರು ಪ್ರತಿ ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆಂದು ನನ್ನ ನಂಬಿಕೆ. ನಾವೆಲ್ಲ ಯಾವುದೋ ಡೋಲಿನ ತಾಳಕ್ಕೆ ಒಬ್ಬರನ್ನು ದೇವತೆಯೆಂದೂ ಇನ್ನೊಬ್ಬರನ್ನು ರಾಕ್ಷಸಿಯೆಂದೂ ಮೂರು ಮೂರು ಸಲ ಕತ್ತು ತಿರುಗಿಸಿ ನೋಡುತ್ತಿರುವಾಗ, ಇವರು ಗಾಜಿನ ಈಚೆ ತಮ್ಮ ಕೆಲಸ ಮಾಡುತ್ತ ಕೂತು ಮನುಷ್ಯರು ಹೇಗೆ ನಿಲ್ಲುತ್ತಾರೆ, ಹೇಗೆ ನಡೆಯುತ್ತಾರೆ ಎಂಬುದನ್ನಷ್ಟೇ ನೋಡುತ್ತಾರೆ. ಕಥೆಯನ್ನು ಅವರು ಎಷ್ಟೋ ಸಲ ತಪ್ಪಾಗಿ ತಿಳಿಯುತ್ತಾರೆ, ಅಳತೆಯನ್ನು ಮಾತ್ರ ತಪ್ಪುವುದಿಲ್ಲ. ನಾವು ಇವತ್ತು ಇರುವಷ್ಟಕ್ಕೆ ಸರಿಯಾಗಿ ಹೊಲಿದುಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ನಮ್ಮ ಮುಖ ಮರೆತರೂ ಚಿಂತೆಯಿಲ್ಲ, ನಾವು ಮುಂದೆ ಆಗಬಹುದಾದ್ದನ್ನು ನಮಗಿಂತ ಮೊದಲೇ ಕಂಡು ಒಳಗೆ ಒಂದು ಬೆರಳು ಬಟ್ಟೆ ಉಳಿಸಿಡುವವನು ಬೀದಿಗೊಬ್ಬನಾದರೂ ಇರಬೇಕು.